ಬೆನ್ನು ತಿರುಗಿಸಿದ ಮನೆ

ನಮ್ಮ ಮನೆಗೆ ಮೊದಲ ಸಲ ಬಂದವರೆಲ್ಲ ಹಣೆ ಉಜ್ಜಿಕೊಳ್ಳುತ್ತಲೇ ಒಳಗೆ ಬರುತ್ತಿದ್ದರು. ಮುಂಬಾಗಿಲು ಅಷ್ಟು ಗಿಡ್ಡ. ಅವರ ಕಣ್ಣಲ್ಲಿ ಇನ್ನೂ ನೀರು ತುಂಬಿರುವಾಗಲೇ ನಮ್ಮ ದೊಡ್ಡಪ್ಪ ವಿವರಣೆ ಶುರು ಮಾಡುತ್ತಿದ್ದರು. "ನಮ್ಮ ಹಿರಿಯರು ಬೇಕಂತಲೇ ಹೀಗೆ ಕಟ್ಟಿಸಿದ್ದು. ಬರೋರು ತಲೆ ಬಗ್ಗಿಸಿ ಬರ್ಲಿ, ವಿನಯ ಇರ್ಲಿ ಅಂತ." ಬಂದವರು ಹೌದು ಹೌದು ಎನ್ನುತ್ತಿದ್ದರು. ಪೆಟ್ಟು ತಿಂದಮೇಲೆ ಯಾರಿಗಾದರೂ ವಿನಯ ಬಂದೇ ಬರುತ್ತದೆ.

ನಿಜ ಹೇಳಬೇಕೆಂದರೆ ಅದು ಸೌದೆ ತರುವ ಬಾಗಿಲು. ನಮ್ಮ ಹಿರಿಯರು ಅಲ್ಲಿ ವಿನಯ ನಿರೀಕ್ಷಿಸಿದ್ದು ಸೌದೆಯಿಂದ ಮಾತ್ರ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆ ಕಟ್ಟಿಸಿದ್ದು ದೊಡ್ಡಪ್ಪನ ಅಜ್ಜ, ಮರದ ವ್ಯಾಪಾರಿ. ಆಗ ಊರಿನ ದೊಡ್ಡ ಬೀದಿ ಎಂದರೆ ಆಮೇಲೆ ನಮ್ಮ ಹಿಂದೆ ಬಿದ್ದ ಓಣಿಯೇ. ಅಜ್ಜ ಒಳ್ಳೆಯ ಮರವನ್ನೆಲ್ಲ ತನಗೇ ಉಳಿಸಿಕೊಂಡು, ಕೆಟ್ಟದ್ದನ್ನು ಊರಿಗೆ ಮಾರಿ, ಓಣಿಗೆ ಎದುರಾಗಿ ಎತ್ತರದ ಜೋಡಿ ಬಾಗಿಲು ನಿಲ್ಲಿಸಿದರು. ಬಾಗಿಲ ತುಂಬ ಬಳ್ಳಿ, ಬಳ್ಳಿಯ ತುಂಬ ಹಕ್ಕಿ ಕೆತ್ತಿಸಿದರು. ಬಾಗಿಲು ದಾಟಿದರೆ ಕಂಬಗಳಿರುವ ದೊಡ್ಡ ನಡುಮನೆ, ಅದಕ್ಕೆ ಕೆತ್ತನೆಯ ಮರದ ಮಾಳಿಗೆ. ಅದರಾಚೆ ಮಲಗುವ ಕೋಣೆಗಳು, ಅಡುಗೆಮನೆ, ಕೊನೆಯಲ್ಲಿ ಬಚ್ಚಲು, ಸೌದೆಯ ಗಿಡ್ಡ ಬಾಗಿಲು. ಲೋಕದಲ್ಲಿ ಎಲ್ಲ ಮನೆಗಳೂ ಹೀಗೇ ಇರುತ್ತವೆ. ಮುಖ ಮುಂದೆ, ಬಚ್ಚಲು ಹಿಂದೆ.

ಆಮೇಲೆ ಊರಿಗೆ ಹೊಸ ರಸ್ತೆ ಬಂತು. ಬಂದದ್ದು ನಮ್ಮ ಬಚ್ಚಲ ಕಡೆಯಿಂದ. ಅಂಗಡಿ, ಬ್ಯಾಂಕು, ಅಂಚೆ ಕಚೇರಿ ಎಲ್ಲ ಆ ಕಡೆಗೆ ಹೋದವು. ಓಣಿಯಲ್ಲಿ ಬೆಕ್ಕು ಮತ್ತು ದರ್ಜಿ ಮಾತ್ರ ಉಳಿದರು. ದೊಡ್ಡಪ್ಪನ ಅಪ್ಪನಿಗೆ ಇದು ನುಂಗಲಾರದ ತುತ್ತಾಯಿತು. ಗಣ್ಯರು ಓಡಾಡುವ ರಸ್ತೆಗೆ ಸೌದೆ ಬಾಗಿಲು ತೋರಿಸುವುದೇ? ಬೇರೆ ಯಾರಾದರೂ ಕೆಡವಿ ಕಟ್ಟುತ್ತಿದ್ದರು, ಇಲ್ಲವೇ ಸುಮ್ಮನಿರುತ್ತಿದ್ದರು. ನಮ್ಮ ಮನೆತನಕ್ಕೆ ಕೆಡವುವ ತಾಕತ್ತೂ ಇಲ್ಲ, ಸುಮ್ಮನಿರುವ ಗುಣವೂ ಇಲ್ಲ. ಒಂದು ಬೆಳಿಗ್ಗೆ ಅವರು ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, ಇವತ್ತಿನಿಂದ ಮನೆ ತಿರುಗಿದೆ ಎಂದು ಸಾರಿದರು. ಇದು ಮುಂದೆ, ಅದು ಹಿಂದೆ. ಒಂದು ಗೋಡೆಯೂ ಅಲುಗಲಿಲ್ಲ. ತಿರುಗಿದ್ದು ಮಾತು, ಆಮೇಲೆ ಒಲೆ.

ಹಾಗಾಗಿ ಬಚ್ಚಲು ಬಂದವರನ್ನು ಕೂರಿಸುವ ಕೋಣೆಯಾಯಿತು. ನೀರು ಹೋಗುತ್ತಿದ್ದ ತೂತು ಮೂಲೆಯಲ್ಲಿ ಇನ್ನೂ ಇದೆ. ದೊಡ್ಡಪ್ಪನ ಪ್ರಕಾರ ಅದು ಹಳೆಯ ಕಾಲದ ಗಾಳಿ ವ್ಯವಸ್ಥೆ. ನೆಲ ಆ ತೂತಿನ ಕಡೆಗೆ ವಾಲಿರುವುದರಿಂದ ಕುರ್ಚಿಯಲ್ಲಿ ಕೂತವರು ಮಾತಾಡುತ್ತಾ ಮಾತಾಡುತ್ತಾ ಒಬ್ಬರ ಮೇಲೊಬ್ಬರು ಜಾರುತ್ತಾರೆ. ಅದು ಆತ್ಮೀಯತೆ ಬೆಳೆಯಲಿ ಎಂದು ಮಾಡಿದ್ದಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆಯಿದೆ. ನಮ್ಮಲ್ಲಿ ನೆಲ ನಿಜವಾಗಿಯೂ ಡೊಂಕು, ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ.

ಹಳೆಯ ಅಡುಗೆಮನೆ ರಸ್ತೆಗೆ ಕಾಣುತ್ತದೆಂದು ಒಲೆ ನಡುಮನೆಗೆ ಹೋಯಿತು. ಕೆತ್ತನೆಯ ಮಾಳಿಗೆಯ ಕೆಳಗೆ, ಕಂಬಗಳ ನಡುವೆ, ಮನೆಯ ಅತ್ಯಂತ ಚಂದದ ಜಾಗದಲ್ಲಿ ಈರುಳ್ಳಿ ಹೆಚ್ಚುವ ಏರ್ಪಾಡಾಯಿತು. ಮಾಳಿಗೆಗೆ ಸಿಕ್ಕಿದ್ದು ಹೊಗೆ. ಅಡುಗೆ ಮಾಡುವವಳಿಗೆ ಸಿಕ್ಕಿದ್ದೂ ಅದೇ.

ಆ ಅಡುಗೆ ಮಾಡುವವಳು ನಮ್ಮ ದೊಡ್ಡಮ್ಮ. ನಾನು ಹೇಳಹೊರಟಿರುವುದು ಅವಳ ಕಥೆ. ಮನೆಯ ಕಥೆ ಹೇಳದೆ ಅವಳ ಕಥೆ ಹೇಳಲು ಬರುವುದಿಲ್ಲ, ಏನು ಮಾಡುವುದು.

ನಾನು ಈ ಮನೆಗೆ ಬಂದದ್ದು ರಸ್ತೆಯ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಮೇಲೆ. ನನ್ನ ಅಪ್ಪ ದೊಡ್ಡಪ್ಪನ ತಮ್ಮ. ಬುದ್ಧಿವಂತ, ಮದುವೆಯಾದ ಕೂಡಲೇ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ತಲೆ ಉಳಿಸಿಕೊಂಡ. ದೊಡ್ಡಪ್ಪ ಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರಾಗಿದ್ದವರು. ನಿವೃತ್ತರಾದಮೇಲೆ ಕಲಿಸಲು ಮಕ್ಕಳು ಸಿಗದೆ ಸಿಕ್ಕಿದವರಿಗೆಲ್ಲ ಮನೆಯ ಚರಿತ್ರೆ ಕಲಿಸತೊಡಗಿದರು. ಊರವರು ಅವರಿಗೆ ಪರಂಪರೆ ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ಅದನ್ನು ಅವರು ಬಿರುದು ಎಂದುಕೊಂಡಿದ್ದಾರೆ, ಯಾರೂ ತಿದ್ದಲು ಹೋಗಿಲ್ಲ.

ದೊಡ್ಡಮ್ಮ ಓಣಿಯ ದರ್ಜಿಯ ಕಿರಿಯ ಮಗಳು. ಅವಳ ತವರು ಆ ಎತ್ತರದ ಬಾಗಿಲಿಗೆ ನೇರ ಎದುರು, ಓಣಿ ದಾಟಿದರೆ ಮುಗಿಯಿತು. ಅವಳು ಮದುವೆಯಾಗಿ ಬಂದದ್ದು ಹಕ್ಕಿ ಕೆತ್ತಿದ ಮುಂಬಾಗಿಲಿಂದ. ವರ್ಷ ತಿರುಗುವುದರೊಳಗೆ ಮನೆಯೂ ತಿರುಗಿ, ಅದೇ ಬಾಗಿಲು ಹಿಂಬಾಗಿಲಾಯಿತು. ಅವಳಿಗೇನೂ ಬೇಸರವಾಗಲಿಲ್ಲ. ಹಿಂದೋ ಮುಂದೋ, ಬಾಗಿಲ ಆಚೆ ಅಕ್ಕ ಇದ್ದಳು. ಅಕ್ಕ ಮದುವೆಯಾದಮೇಲೂ ತವರಲ್ಲೇ ಉಳಿದಿದ್ದಳು, ಗಂಡ ಮನೆ ಅಳಿಯ, ಗಡಿಯಾರ ರಿಪೇರಿ ಮಾಡುವವನು. ಅಕ್ಕತಂಗಿಯರು ದಿನಕ್ಕೆ ಎಷ್ಟು ಸಲ ಓಣಿ ದಾಟುತ್ತಿದ್ದರೆಂದರೆ ಒಂದು ಒಲೆಯ ಮೇಲಿಟ್ಟದ್ದು ಇನ್ನೊಂದು ಒಲೆಯ ಮೇಲೆ ಬೇಯುತ್ತಿತ್ತು. ಇಬ್ಬರೂ ಅಪ್ಪನಿಂದ ಕಲಿತದ್ದು ಕಾಜಾ ಹೊಲಿಯುವುದು, ಕೋಟಿನ ಗುಂಡಿ ತೂರುವ ಆ ಸಣ್ಣ ಸೀಳಿಗೆ ಸುತ್ತ ದಾರ ಹೆಣೆಯುವುದು. ದೊಡ್ಡಮ್ಮ ಈಗಲೂ ರಸ್ತೆಯ ದರ್ಜಿಗಳಿಗೆ ಕಾಜಾ ಹೊಲಿದು ಕೊಡುತ್ತಾಳೆ. ಈ ಊರಿನ ಗಂಡಸರು ಗೌರವದಿಂದ ಓಡಾಡುತ್ತಿರುವುದರಲ್ಲಿ ಅವಳ ಪಾಲು ದೊಡ್ಡದು.

ಇನ್ನು ಜಗಳದ ವಿಷಯ. ಮನೆ ತಿರುಗಿದಾಗ ಸೂರಿನ ನೀರು ಹಿಡಿಯುವ ತಗಡಿನ ದೋಣಿಯನ್ನೂ ಓಣಿಯ ಕಡೆಯಿಂದ ಕಿತ್ತು ರಸ್ತೆಯ ಕಡೆಗೆ ಹಾಕಿದ್ದರು, ಮುಂದೆ ಚಂದ ಕಾಣಲಿ ಎಂದು. ಸೂರಿನ ಇಳಿಜಾರು ಮಾತ್ರ ಓಣಿಗೇ ಇತ್ತು. ಮಾತು ಕೇಳುವುದಕ್ಕೆ ಸೂರೇನು ಮನೆಮಂದಿಯೇ? ಮಳೆ ಬಂದಾಗಲೆಲ್ಲ ನಮ್ಮ ನೀರು ಎದುರುಮನೆಯ ಅಂಗಳಕ್ಕೆ ನುಗ್ಗಿ ಗಡಿಯಾರದವನ ಮೇಜಿನ ಕಾಲು ನೆನೆಸುತ್ತಿತ್ತು. ಅವನು ಹಲವು ಸಲ ಹೇಳಿದ. ದೊಡ್ಡಪ್ಪ ಹಲವು ಸಲ ಚರಿತ್ರೆ ಹೇಳಿದರು. ಕೊನೆಗೆ ಅವನು ಗಾರೆಯವನನ್ನು ಕರೆಸಿ ಅಂಗಳಕ್ಕೆ ಒಂದು ಕಟ್ಟೆ ಕಟ್ಟಿಸತೊಡಗಿದ. ಯಾರ ಮನೆ ನೀರು ಸ್ವಾಮಿ ಎಂದು ಗಾರೆಯವನು ಕೇಳಿದ್ದಕ್ಕೆ, "ಎದುರುಮನೆಯವರು ಅಂತ ಹೇಗಪ್ಪಾ ಹೇಳ್ಲಿ, ನಮಗೆ ಬೆನ್ನು ತಿರುಗಿಸಿದ್ದಾರಲ್ಲ. ಹಿಂದಿನ ಮನೆಯವರು ಅನ್ನು," ಎಂದ.

ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ದರು. ಕಿವಿಗೆ ಬಿತ್ತು.

ಯೋಚಿಸಿ ನೋಡಿ, ಗಡಿಯಾರದವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ತೊಂದರೆಯಾಯಿತು. ರಸ್ತೆಗೆ ಮುಖ ಮಾಡಲೆಂದು ಬಚ್ಚಲಲ್ಲಿ ಕೂತು ಬಾಳಿದ ಮನೆತನಕ್ಕೆ, ಓಣಿಯ ಮನೆ ಅಳಿಯನೊಬ್ಬ ಹಿಂದಿನವರು ಎನ್ನುವುದೇ? ಅವತ್ತೇ ದೊಡ್ಡಪ್ಪ ಸುತ್ತಿಗೆ ಮೊಳೆ ತಂದರು. ದೊಡ್ಡಮ್ಮ ಆಗ ಅಕ್ಕನ ಅಂಗಳದಲ್ಲಿದ್ದಳು. "ಒಳಗೆ ಬಾ, ಬಾಗಿಲು ಹಾಕ್ತಿದ್ದೀನಿ. ಇನ್ಮೇಲೆ ಇದು ತೆಗೆಯೋ ಬಾಗಿಲಲ್ಲ," ಎಂದರು. ದೊಡ್ಡಮ್ಮನಿಗೂ ಸಿಟ್ಟು ಬಂತು. ಓಣಿಯ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಅಕ್ಕನಿಗೆ ಹೇಳಿದಳು: "ನಾನು ರಸ್ತೆ ಸುತ್ತಿ ನೆಂಟರ ಥರ ನಿನ್ನ ಮನೆಗೆ ಬರಲ್ಲ. ಇವರ ಕೈಯಿಂದಲೇ ಈ ಬಾಗಿಲು ತೆಗೆಸಿ, ಇದರಿಂದಲೇ ಬರ್ತೀನಿ."

"ಬಾ," ಎಂದಳು ಅಕ್ಕ. "ಎಲ್ಲಿಗೆ ಹೋಗ್ತೀನಿ ನಾನು."

ದೊಡ್ಡಮ್ಮ ಇದನ್ನು ನನಗೆ ಹೇಳುವಾಗ ಪ್ರತಿ ಸಲವೂ ಒಂದೇ ಮಾತು ಸೇರಿಸುತ್ತಾಳೆ. "ಎರಡು ದಿನದ ಸಿಟ್ಟು ಅಂದ್ಕೊಂಡಿದ್ದೆ ಕಣೇ." ಎರಡು ದಿನದ ಸಿಟ್ಟಿನಲ್ಲಿ ಗಡಿಯಾರದವನು ಮುದುಕನಾಗಿ ಸತ್ತೂ ಹೋದ. ಬರುವವಳು ತಂಗಿ ಎಂದಾಗಿದ್ದರಿಂದ ಅಕ್ಕನೂ ರಸ್ತೆ ಸುತ್ತಿ ಬರಲಿಲ್ಲ. ಜಗಳಕ್ಕೆ ಇಬ್ಬರು ಬೇಕು ಎನ್ನುತ್ತಾರೆ. ನಮ್ಮ ದೊಡ್ಡಪ್ಪನಿಗೆ ಒಬ್ಬರೇ ಸಾಕು. ಸತ್ತವನ ಜೊತೆಗೂ ಅವರು ಮಾತು ಬಿಟ್ಟೇ ಇದ್ದರು.

ಮೊಳೆ ಹೊಡೆದ ಬಾಗಿಲಿಗೆ ಅಡ್ಡವಾಗಿ ಪಾತ್ರೆ ಜೋಡಿಸುವ ಮರದ ಸ್ಟ್ಯಾಂಡು ಬಂತು. ದೊಡ್ಡಮ್ಮ ಅದರ ಪಕ್ಕದಲ್ಲೇ ಮಣೆ ಹಾಕಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕಾಜಾ ಹೊಲಿಯುತ್ತಿದ್ದಳು. ಮಧ್ಯಾಹ್ನದ ಕೆಲಸ ಮುಗಿದಮೇಲೆ ಬೆರಳಿನ ಲೋಹದ ಟೊಪ್ಪಿಯಿಂದ, ಸೂಜಿ ಚುಚ್ಚದಿರಲೆಂದು ದರ್ಜಿಗಳು ಹಾಕಿಕೊಳ್ಳುತ್ತಾರಲ್ಲ ಅದರಿಂದ, ಬಾಗಿಲ ಕಬ್ಬಿಣದ ಚಿಲಕದ ಮೇಲೆ ಟಕಟಕ ಎನ್ನಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಓಣಿಯ ಆಚೆಯಿಂದ ಕಿಟಕಿಯ ಸರಳಿಗೆ ಕತ್ತರಿ ತಾಗಿದ ಸದ್ದು ಬರುತ್ತಿತ್ತು. ಅಷ್ಟೇ. ಊಟ ಆಯಿತೋ, ಆಯಿತು. ದೊಡ್ಡಪ್ಪ ಆ ಸದ್ದನ್ನು ಹಳೆಯ ಮರ ಹಿಗ್ಗುವ ಸದ್ದು ಎಂದು ಬಂದವರಿಗೆ ವಿವರಿಸುತ್ತಿದ್ದರು.

ಹೋದ ಮಳೆಗಾಲದಲ್ಲಿ ಆಚೆಯಿಂದ ಸದ್ದು ಬರುವುದು ನಿಂತಿತು.

ದೊಡ್ಡಮ್ಮ ದಿನವೂ ಟಕಟಕ ಎನ್ನಿಸಿ, ಕಿವಿ ಕೊಟ್ಟು ಕೂತು, ಮತ್ತೆ ಸೂಜಿ ಎತ್ತಿಕೊಳ್ಳುತ್ತಿದ್ದಳು. ನನಗೆ ನೋಡಲಾಗಲಿಲ್ಲ. ಅಂಗಡಿಯಿಂದ ಬರುವಾಗ ರಸ್ತೆ ಸುತ್ತಿ ಓಣಿಗೆ ಹೋದೆ. ಅಕ್ಕ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮುಂದಿನ ಕೋಣೆಯಲ್ಲಿ ಮಂಚ ಹಾಕಿ ಮಲಗಿಸಿದ್ದರು. ಕಿಟಕಿ ಕೈಗೆ ಎಟುಕುತ್ತಿರಲಿಲ್ಲ. ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು, ಆದರೆ ಡಾಕ್ಟರು ಕೈಚೆಲ್ಲಿ ಹೋಗಿದ್ದರು. ಅಕ್ಕ ನನ್ನನ್ನು ನೋಡಿ ಕೇಳಿದ್ದು ಒಂದೇ. "ಅವಳು ಕುಟ್ಟೋದು ಕೇಳಿಸುತ್ತೆ. ನನಗೆ ತಿರುಗಿ ಕುಟ್ಟೋಕೆ ಆಗ್ತಿಲ್ಲ ಅಂತ ಹೇಳ್ತೀಯಾ?"

ಬಂದು ಹೇಳಿದೆ. ದೊಡ್ಡಮ್ಮ ಅಳಲಿಲ್ಲ. ಅವತ್ತು ಒಂದು ಕೋಟಿಗೆ ಕಾಜಾವನ್ನು ಗುಂಡಿ ಬರುವ ಕಡೆ ಹೊಲಿದುಬಿಟ್ಟಳು, ಜೀವನದಲ್ಲಿ ಮೊದಲ ಸಲ. ಅದನ್ನು ಬಿಚ್ಚುತ್ತಾ ಕೂತವಳು ಎದ್ದು ದೊಡ್ಡಪ್ಪನ ಮುಂದೆ ಹೋಗಿ ನಿಂತಳು.

"ಬಾಗಿಲು ತೆಗೀರಿ. ಅಕ್ಕ ಇನ್ನು ಬಹಳ ದಿನ ಇರಲ್ಲ."

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು. "ನೋಡು, ಅದು ಬರೀ ಬಾಗಿಲಲ್ಲ. ಈಗ ಗೋಡೆಯ ಭಾರ ಆ ಮೊಳೆಗಳ ಮೇಲಿದೆ. ಮೊಳೆ ಕಿತ್ತರೆ ಮಾಳಿಗೆಯೇ ಕೂರುತ್ತೆ. ಇದೆಲ್ಲ ಕಟ್ಟಡಶಾಸ್ತ್ರ, ನಿನಗೆ ಅರ್ಥ ಆಗಲ್ಲ."

ಮಾಳಿಗೆ ಮೊಳೆಯ ಮೇಲೆ ನಿಂತಿದೆಯಂತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ಕಂಡಿದ್ದೇನೆ, ಆ ಮೂರು ಕಾಲಿಗೂ ಶಾಸ್ತ್ರ ಹೇಳುವವರನ್ನು ಕಂಡದ್ದು ಇದೊಂದೇ ಮನೆಯಲ್ಲಿ. ನನಗೆ ಮೈ ಉರಿದುಹೋಯಿತು. "ದೊಡ್ಡಮ್ಮ, ಗಾಡಿ ತರ್ತೀನಿ, ನಡಿ. ರಸ್ತೆ ಸುತ್ತಿ ಹೋಗೋಣ," ಎಂದೆ.

"ಇಲ್ಲ. ಮಾತು ಕೊಟ್ಟಿದ್ದೀನಿ."

"ಯಾರಿಗೆ ಕೊಟ್ಟಿದ್ದು? ಅವಳಿಗೆ ತಾನೇ? ಅವಳೇ ಬಿಟ್ಟುಬಿಡ್ತಾಳೆ."

"ಅವಳು ಬಿಡ್ತಾಳೆ. ನಾನು ಬಿಡಲ್ಲ. ಇವರು ತೆಗೀಬೇಕು."

ಗಂಡ ಹೆಂಡತಿ ಇಬ್ಬರೂ ಒಂದೇ ಮರದಲ್ಲಿ ಕಡೆದವರು. ಅಜ್ಜ ಮಾರದೆ ಉಳಿಸಿಕೊಂಡ ಮರವಿರಬೇಕು. ನಾನು ಸಿಟ್ಟಿನಲ್ಲಿ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಕ್ಕ ಸತ್ತಮೇಲೆ ಇಬ್ಬರೂ ತಮ್ಮ ತಮ್ಮ ಹಟ ಇಟ್ಟುಕೊಂಡು ಪೂಜೆ ಮಾಡಲಿ ಎನಿಸಿತು.

ಅಷ್ಟರಲ್ಲಿ ಊರಿನಲ್ಲಿ ಹಳೆಯ ಮನೆಗಳ ಸಂರಕ್ಷಣಾ ಸಂಘ ಹುಟ್ಟಿತು. ಅದರ ಅಧ್ಯಕ್ಷರು ಹಲ್ಲಿನ ಡಾಕ್ಟರು. ದಿನವಿಡೀ ಜನರ ಹಳೆಯ ಹಲ್ಲು ಕೀಳುವವರಿಗೆ ಹಳೆಯದನ್ನು ಉಳಿಸಬೇಕೆಂಬ ಆಸೆ ಎಲ್ಲಿಂದ ಬಂತೋ. ಸಂಘದವರು ಯೋಗ್ಯವಾದ ಮನೆಗೆ ಹಿತ್ತಾಳೆಯ ಫಲಕ ಹಾಕುತ್ತಾರೆ ಎಂಬ ಸುದ್ದಿ ಕೇಳಿದ ದಿನದಿಂದ ದೊಡ್ಡಪ್ಪನಿಗೆ ನಿದ್ದೆಯಿಲ್ಲ. ಫಲಕ ಎಲ್ಲಿ ಬರಬೇಕೆಂದು ಸೌದೆ ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟರು. ಚಿತ್ರಕಲೆ ಮೇಷ್ಟ್ರಾದರೂ ಚೌಕ ಸೊಟ್ಟಗೆ ಬಂದಿತ್ತು.

ಡಾಕ್ಟರು ಮನೆ ನೋಡಲು ಬರುವ ಹಿಂದಿನ ದಿನ ದೊಡ್ಡಮ್ಮ ಇದ್ದಕ್ಕಿದ್ದಂತೆ ಅಡುಗೆಮನೆ ತೊಳೆಯಲು ಶುರು ಮಾಡಿದಳು. ಪಾತ್ರೆ ಸ್ಟ್ಯಾಂಡನ್ನು ಎಳೆದು ಪಕ್ಕದ ಗೋಡೆಗೆ ಒರಗಿಸಿದಳು. ಅದಕ್ಕೆ ನನ್ನನ್ನೂ ಕರೆದಳು. "ಇಲಿ ಸೇರಿಕೊಂಡಿದೆ," ಎಂದಳು. ಇಲಿಗಾಗಿ ಬಾಗಿಲನ್ನು ಬೂದಿ ಹಾಕಿ, ನಾರು ಹಿಡಿದು, ಸಂಜೆಯವರೆಗೆ ಏಕೆ ಉಜ್ಜಬೇಕೆಂದು ನಾನು ಕೇಳಲಿಲ್ಲ. ಹೊಗೆಯ ಪದರ ಹೋಗಿ ಒಂದೊಂದೇ ಹಕ್ಕಿ ಹೊರಗೆ ಬಂತು.

ಡಾಕ್ಟರು ಬಂದರು. ಹಣೆಗೆ ಪೆಟ್ಟು ತಿಂದರು. ವಿನಯದ ಪಾಠವಾಯಿತು. ಬಚ್ಚಲಲ್ಲಿ ಕೂತು ಗಾಳಿ ವ್ಯವಸ್ಥೆಯನ್ನು ಬಗ್ಗಿ ನೋಡಿ, ನನ್ನ ಕಡೆ ಜಾರಿ, ಕ್ಷಮಿಸಿ ಎಂದರು. ದೊಡ್ಡಪ್ಪ ಮಾತಾಡುತ್ತಲೇ ಇದ್ದರು. ಡಾಕ್ಟರ ಮುಖದಲ್ಲಿ ಉತ್ಸಾಹ ಇಳಿಯುತ್ತಾ ಬಂತು. "ಮನೆ ಹಳೇದೇ ಸರ್. ಆದ್ರೆ ವಿಶೇಷ ಅಂತ..." ಎಂದು ಎಳೆದರು. ದೊಡ್ಡಪ್ಪ ಮೂಲೆಯ ತೂತನ್ನು ಇನ್ನೊಮ್ಮೆ ತೋರಿಸಿದರು. ಪಾಪ ಎನಿಸಿತು ನನಗೆ. ಅವರ ಮೇಲೆ ಪಾಪ ಎನಿಸುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ, ಆದರೂ ಎನಿಸಿತು.

ಆಗ ಒಳಗಿನಿಂದ ದೊಡ್ಡಮ್ಮ ಕೂಗಿದಳು. "ಚಹಾ ಇಲ್ಲೇ ಕುಡೀಬಹುದಾ? ಹಾಲು ಒಲೆ ಮೇಲಿದೆ, ಬಿಟ್ಟು ಬರೋಕಾಗಲ್ಲ."

ಬಂದವರನ್ನು ಅಡುಗೆಮನೆಗೆ ಕರೆಯುವುದು ನಮ್ಮ ಮನೆಯಲ್ಲಿ ನಡೆದದ್ದೇ ಇಲ್ಲ. ದೊಡ್ಡಪ್ಪ ಮುಖ ಕೆಂಪಗೆ ಮಾಡಿಕೊಂಡು ಏನೋ ಹೇಳುವಷ್ಟರಲ್ಲಿ ಡಾಕ್ಟರು ಎದ್ದು ಹೊರಟಿದ್ದರು, ಆ ಕುರ್ಚಿಯಿಂದ ಏಳಲು ಯಾರಿಗಾದರೂ ಒಂದು ನೆಪ ಬೇಕು. ಅಡುಗೆಮನೆಗೆ ಬಂದವರು ಮೊದಲು ಮಾಳಿಗೆ ನೋಡಿದರು, ಆಮೇಲೆ ಕಂಬ, ಆಮೇಲೆ ಬಾಗಿಲು. ಚಹಾ ಲೋಟ ಹಿಡಿದವರು ಕುಡಿಯುವುದನ್ನು ಮರೆತರು. ಬಾಯಿ ತೆರೆದೇ ಇತ್ತು. ಬೇರೆಯವರ ಬಾಯಿ ತೆರೆಸುವವರ ಬಾಯಿಯನ್ನು ತೆರೆಸಿದ ಕೀರ್ತಿ ದೊಡ್ಡಮ್ಮನದು.

"ಮೇಷ್ಟ್ರೇ, ಇದು ಮುಂಬಾಗಿಲಲ್ವಾ?"

"ಅದು... ಹಿಂದಿನ ಬಾಗಿಲು."

"ಇದು ಹಿಂಬಾಗಿಲಾದ್ರೆ ಸಂಘ ಏನೂ ಮಾಡೋಕಾಗಲ್ಲ. ಮುಂಬಾಗಿಲಾದ್ರೆ ಇವತ್ತೇ ಬರ್ಕೊಳ್ತೀನಿ. ಫಲಕ ಈ ಬಾಗಿಲ ಹೊರಗೆ ಬರುತ್ತೆ. ಇದನ್ನ ತೆಗೀಬೇಕು, ತೆಗೆದೇ ಇಡಬೇಕು, ಜನ ಇಲ್ಲಿಂದಲೇ ಒಳಗೆ ಬರಬೇಕು. ಯೋಚನೆ ಮಾಡಿ."

ದೊಡ್ಡಪ್ಪ ಬಾಗಿಲು ನೋಡಿದರು. ದೊಡ್ಡಮ್ಮ ಹಾಲು ನೋಡುತ್ತಿದ್ದಳು, ಅದು ಯಾವಾಗಲೋ ಉಕ್ಕಿ ಆರಿತ್ತು. ಅಪ್ಪ ತಿರುಗಿಸಿದ ಮನೆ ತಕ್ಕಡಿಯ ಒಂದು ತಟ್ಟೆಯಲ್ಲಿ, ಹಿತ್ತಾಳೆಯ ಫಲಕ ಇನ್ನೊಂದರಲ್ಲಿ. 

"ನಾನು ಅದನ್ನೇ ಹೇಳೋಕೆ ಹೊರಟಿದ್ದೆ," ಎಂದರು ದೊಡ್ಡಪ್ಪ. "ಇದೇ ಮುಂಬಾಗಿಲು. ಮೊದಲಿಂದ್ಲೂ ಹೇಳ್ತಾ ಬಂದಿದ್ದೀನಿ."

ಮನೆ ಎರಡನೆಯ ಸಲ ತಿರುಗಿತು. ಈ ಸಲವೂ ಒಂದು ಗೋಡೆ ಅಲುಗಲಿಲ್ಲ.

ಸಮಾರಂಭದ ಹಿಂದಿನ ದಿನ ಬಡಗಿ ಬಂದು ಮೊಳೆ ಕಿತ್ತ. ಒಂದು ಮೊಳೆಯೂ ನೆಟ್ಟಗಿರಲಿಲ್ಲ. "ಯಾವ ಕುರುಡ ಹೊಡೆದದ್ದು ಇದನ್ನ?" ಎಂದು ಅವನು ಗೊಣಗುತ್ತಿದ್ದಾಗ ದೊಡ್ಡಪ್ಪ ಕಿಟಕಿಯ ಹೊರಗೆ ಏನನ್ನೋ ಗಮನವಿಟ್ಟು ನೋಡುತ್ತಿದ್ದರು. ಮೊಳೆಗಳೆಲ್ಲ ಹೊರಬಂದವು. ಮಾಳಿಗೆ ಕೂರಲಿಲ್ಲ. ಮಾಳಿಗೆಗೆ ಕಟ್ಟಡಶಾಸ್ತ್ರ ಗೊತ್ತಿಲ್ಲವೆಂದು ಕಾಣುತ್ತದೆ.

ಬಡಗಿ ಹೋದಮೇಲೆ ಬಾಗಿಲಿಗೆ ಉಳಿದದ್ದು ಚಿಲಕವೊಂದೇ. ದೊಡ್ಡಪ್ಪ ಮನೆಯಲ್ಲಿರಲಿಲ್ಲ. ನಾನು ಆಗಷ್ಟೇ ಓಣಿಗೆ ಹೋಗಿ ಬಂದಿದ್ದೆ. ಅಕ್ಕ ಬೆಳಿಗ್ಗೆಯಿಂದ ಏನೂ ಮುಟ್ಟಿರಲಿಲ್ಲ, ಉಸಿರು ಭಾರವಾಗಿತ್ತು. ದೊಡ್ಡಮ್ಮನ ಕೈ ಹಿಡಿದು ಬಾಗಿಲ ಹತ್ತಿರ ಎಳೆದೆ. "ಚಿಲಕ ಎಳೆದ್ರೆ ಆಯ್ತು. ನಾಳೆವರೆಗೆ ಕಾಯಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಹೋಗು."

ದೊಡ್ಡಮ್ಮ ಚಿಲಕದ ಮೇಲೆ ಕೈಯಿಟ್ಟಳು. ಇಟ್ಟು ತೆಗೆದಳು. 

"ಇಷ್ಟು ವರ್ಷ ಕಾದದ್ದು ಚಿಲಕ ಎಳೆಯೋಕೆ ಬರಲ್ಲ ಅಂತ ಅಲ್ಲ ಕಣೇ," ಎಂದಳು. ಬೆರಳಿಗೆ ಟೊಪ್ಪಿ ಹಾಕಿಕೊಂಡು ಚಿಲಕದ ಮೇಲೆ ಟಕಟಕ ಎನ್ನಿಸಿದಳು. ಆಮೇಲೆ ಕೂತು ದೊಡ್ಡಪ್ಪನ ಸಮಾರಂಭದ ಕೋಟಿಗೆ ಕಾಜಾ ಹೊಲಿಯತೊಡಗಿದಳು.

ಮರುದಿನ ಓಣಿಯಲ್ಲಿ ಕುರ್ಚಿ ಹಾಕಿದರು. ಆ ಓಣಿಯಲ್ಲಿ ಅಷ್ಟು ಜನ ಸೇರಿದ್ದನ್ನು ಕಂಡು ಬೆಕ್ಕು ಗೋಡೆ ಹತ್ತಿತು. ಏರ್ಪಾಡು ಏನೆಂದರೆ ಗಣ್ಯರು ಹೊರಗೆ ನಿಲ್ಲುವುದು, ಒಳಗಿನಿಂದ ದೊಡ್ಡಪ್ಪ ಬಾಗಿಲು ತೆರೆದು ಅವರನ್ನು ಬರಮಾಡಿಕೊಳ್ಳುವುದು, ಭಾಷಣ, ಫಲಕ. ಡಾಕ್ಟರು ಮಾತ್ರ ಬಂದಿರಲಿಲ್ಲ. ಯಾರದೋ ಹಲ್ಲು ಅರ್ಧದಲ್ಲಿ ನಿಂತಿತ್ತಂತೆ. ದೊಡ್ಡಪ್ಪ ಕೋಟು ಹಾಕಿಕೊಂಡು, ಭಾಷಣದ ಮೊದಲ ಸಾಲು ಬಾಯಲ್ಲಿ ಗುನುಗುತ್ತಾ, ಬಾಗಿಲ ಒಳಗೆ ನಿಂತಿದ್ದರು. ಅವರ ಹಿಂದೆ ದೊಡ್ಡಮ್ಮ. ಅವಳ ಹಿಂದೆ ನಾನು.

"ತೆಗೀರಿ," ಎಂದಳು ದೊಡ್ಡಮ್ಮ.

"ಅಧ್ಯಕ್ಷರು ಬರ್ಲಿ."

"ಅವರು ಬರ್ತಾರೆ. ಇವತ್ತಲ್ಲದಿದ್ರೆ ನಾಳೆ ಬರ್ತಾರೆ. ಅಕ್ಕ ನಾಳೆ ಇರ್ತಾಳೋ ಇಲ್ವೋ." ದನಿ ಎತ್ತಲಿಲ್ಲ ಅವಳು. "ನಾನು ಈ ಬಾಗಿಲಿಂದ ಬಂದವಳು. ನೀವೇ ಕರ್ಕೊಂಡು ಬಂದಿದ್ರಿ. ನೆನಪಿದ್ರೆ ತೆಗೀರಿ."

ದೊಡ್ಡಪ್ಪ ತಿರುಗಿ ನೋಡಿದರು. ನಮ್ಮ ದೊಡ್ಡಪ್ಪನ ಬಳಿ ವಿವರಣೆ ಇಲ್ಲದ ಒಂದು ಗಳಿಗೆಯನ್ನು ನಾನು ಕಂಡದ್ದು ಅವತ್ತು ಮಾತ್ರ. ಅಧ್ಯಕ್ಷರಿಗಾಗಿ ಹೊರಗೆ ಎಲ್ಲರೂ ಕಾಯುತ್ತಿದ್ದಂತೆಯೇ ಅವರು ಚಿಲಕ ಹಿಡಿದು ಎಳೆದರು. ಅಷ್ಟು ವರ್ಷದ ಚಿಲಕ ಸಲೀಸಾಗಿ ಜಾರಿತು. ಎಣ್ಣೆ ಯಾರು ಹಾಕಿದ್ದರೆಂದು ಕೇಳುವಷ್ಟು ಪೆದ್ದಿ ನಾನಲ್ಲ.

ಬಾಗಿಲು ತೆರೆಯಿತು. ಕುರ್ಚಿಯಲ್ಲಿದ್ದವರು ಗಡಿಬಿಡಿಯಿಂದ ಎದ್ದು 'ಈಗಲೇ ಶುರುವಾಯಿತೇ' ಎಂದು ಚಪ್ಪಾಳೆ ತಟ್ಟಿದರು. ಪರಂಪರೆ ಮೇಷ್ಟ್ರ ಬದಲು ಬೆರಳಿಗೆ ಟೊಪ್ಪಿ ಹಾಕಿಕೊಂಡ ಒಬ್ಬ ಮುದುಕಿ ಹೊರಗೆ ಬಂದಳು. ಯಾರ ಮುಖವನ್ನೂ ನೋಡದೆ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ಚಪ್ಪಾಳೆಯ ಮಧ್ಯೆ ಓಣಿ ದಾಟಿದಳು.

ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ದೊಡ್ಡಮ್ಮ ಮಂಚದ ಅಂಚಿನಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅಕ್ಕ ಕಣ್ಣು ತೆರೆದಳು.

"ತೆಗೆದ್ರಾ?"

"ತೆಗೆದ್ರು."

"ಅವರೇನಾ?"

"ಅವರೇ. ಅವರ ಕೈಯಿಂದಲೇ."

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಎಷ್ಟು ಮುದುಕಿ ಆಗಿದ್ದೀಯೇ," ಎಂದಳು. ಆಮೇಲೆ ಇಬ್ಬರೂ ನಕ್ಕರು, ನಗುತ್ತಲೇ ಅತ್ತರು. ನಾನು ಹೊರಗೆ ಬಂದು ಅಂಗಳದ ಕಟ್ಟೆಯ ಮೇಲೆ ಕೂತೆ. ನನ್ನ ಮೂಗು ಸೋರುತ್ತಿತ್ತು, ಔಷಧಿ ಅಂಗಡಿಯವಳ ಬಳಿ ಒಂದು ಕರವಸ್ತ್ರವೂ ಇರಲಿಲ್ಲ.

ಆಚೆ ಸಮಾರಂಭ ನಡೆಯಿತು. ಡಾಕ್ಟರು ಬಂದರು, ಎತ್ತರದ ಬಾಗಿಲಿಂದ ತಲೆಯೆತ್ತಿ ಒಳಗೆ ಹೋದರು, ಖುಷಿಪಟ್ಟರು. ದೊಡ್ಡಪ್ಪನ ಭಾಷಣವೂ ಆಯಿತು. ಕೇಳಿದವರು ಹೇಳುವಂತೆ ಬಹಳ ಚಿಕ್ಕದಾಗಿತ್ತು, ನಡುನಡುವೆ ಓಣಿಯ ಆಚೆ ನೋಡುತ್ತಿದ್ದರಂತೆ. ಜನ ಹೋದರು, ಕುರ್ಚಿ ಹೋದವು. ಗೋಡೆಯ ಮೇಲೆ ಫಲಕ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ದೊಡ್ಡಪ್ಪ ಒಬ್ಬರೇ ನಿಂತಿದ್ದರು, ಒಲೆ ಹಚ್ಚುವವರು ಮನೆಯಲ್ಲಿರಲಿಲ್ಲ.

ಸಂಜೆ ಅವರು ಓಣಿ ದಾಟಿದರು. ಗಡಿಯಾರದವನು ಸತ್ತಾಗಲೂ ದಾಟದಿದ್ದ ಓಣಿ. ಬಾಗಿಲ ಹತ್ತಿರ ಬಂದು ನಿಂತರು. ಒಳಗೆ ಬರಲು ಕಾಲು ಏಳಲಿಲ್ಲ, ತಿರುಗಿ ಹೋಗಲೂ ಇಲ್ಲ. ಸಮಾರಂಭದ ಕೋಟು ಹಾಗೇ ಇತ್ತು.

ಅಕ್ಕನ ಕಣ್ಣು ಅಷ್ಟು ದೂರ ಕಾಣುತ್ತಿರಲಿಲ್ಲ. "ಅದ್ಯಾರು ಬಾಗಿಲಲ್ಲಿ?" ಎಂದಳು.

ದೊಡ್ಡಮ್ಮ ತಿರುಗಿಯೂ ನೋಡಲಿಲ್ಲ. "ಹಿಂದಿನ ಮನೆಯವರು," ಎಂದಳು.

 ಸುತ್ತಿಗೆ, ಮೊಳೆ ಎಲ್ಲಿವೆಯೆಂದು ನಾನು ಯೋಚಿಸಿದೆ. ದೊಡ್ಡಪ್ಪ ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡರು.

"ಹೌದಮ್ಮಾ, ಹಿಂದಿನ ಮನೆಯವನು," ಎಂದರು ಆಮೇಲೆ. "ಬರಬಹುದಾ?"

"ಬನ್ನಿ," ಎಂದಳು ಅಕ್ಕ.

ಆ ಮನೆಯ ಬಾಗಿಲು ಎತ್ತರವಾಗಿಯೇ ಇದೆ, ದೊಡ್ಡಪ್ಪನಂಥ ಉದ್ದದವರೂ ನೆಟ್ಟಗೆ ನಡೆದು ಬರಬಹುದು. ದೊಡ್ಡಪ್ಪ ತಲೆ ಬಗ್ಗಿಸಿಕೊಂಡೇ ಒಳಗೆ ಬಂದರು.